ನೀರಿನಡಿ ಮಲಗಿದ್ದ ಕಪ್ಪು ಮಣ್ಣು: ಇಲಿನಾಯ್‌ನ ಮೆಕ್ಲೇನ್ ಕೌಂಟಿಯ ಪ್ರಕರಣ

ಅಮೆರಿಕದ ಇಲಿನಾಯ್ ರಾಜ್ಯದ ನಟ್ಟನಡುವೆ ಮೆಕ್ಲೇನ್ ಕೌಂಟಿ ಇದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು. ಮೆಕ್ಕೆಜೋಳ ಬೆಳೆಯುವುದರಲ್ಲಿ ಆ ದೇಶದ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳ ಪೈಕಿ ಇದು ಹೆಚ್ಚಿನ ವರ್ಷ ಮೊದಲ ಕೆಲವು ಸ್ಥಾನಗಳಲ್ಲೇ ಇರುತ್ತದೆ. ಜುಲೈನಲ್ಲಿ ಇಲ್ಲಿನ ಯಾವ ರಸ್ತೆಯಲ್ಲಿ ಹೋದರೂ ಎರಡೂ ಬದಿ ಆಳೆತ್ತರದ ಜೋಳ, ಅದು ಮುಗಿದರೆ ಸೋಯಾಬೀನ್, ಮತ್ತೆ ಜೋಳ.

ಆದರೆ 1822ರಿಂದ ಸುಮಾರು ಮೂವತ್ತು ವರ್ಷ, ಇಲ್ಲಿಗೆ ಬಂದ ಒಕ್ಕಲು ಕುಟುಂಬಗಳು ಈ ಮಣ್ಣನ್ನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ಕಣ್ಣೆದುರಿಗೇ ಬಿದ್ದಿದ್ದ ಬಯಲನ್ನು ಬಿಟ್ಟು, ಮರಗಳ ತೋಪು ಹುಡುಕಿಕೊಂಡು ಹೋಗಿ, ಅದರ ಅಂಚಿನಲ್ಲಿ ಮನೆ ಕಟ್ಟಿದರು. ಅಲ್ಲಿನ ಮಣ್ಣು ಬಯಲಿನಷ್ಟು ಚೆನ್ನಾಗಿರಲಿಲ್ಲ. ಬೆಳೆ ಇಡಬೇಕಾದರೆ ಮರ ಕಡಿಯಬೇಕು, ಬೇರು ಕೀಳಬೇಕು. ಹಾಗಿದ್ದೂ ಅಲ್ಲೇ ನಿಂತರು.

ಅವರು ಪೆದ್ದರಾಗಿದ್ದರು ಎಂದು ಅನೇಕರು ಬರೆದಿದ್ದಾರೆ. ಮರ ಬೆಳೆಯದ ನೆಲದಲ್ಲಿ ಬೆಳೆಯೂ ಬರುವುದಿಲ್ಲ ಎಂದು ಅವರು ನಂಬಿದ್ದರಂತೆ. ಒಂದಿಬ್ಬರು ನಂಬಿರಬಹುದು. ಆದರೆ ಲೆಕ್ಕ ಹಾಕಿ ನೋಡಿದರೆ ಅವರು ಮಾಡಿದ್ದೇ ಸರಿ ಎಂದು ನನಗೆ ಅನಿಸುತ್ತದೆ. ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತೇನೆ.

ಜಾಗ

ಕೌಂಟಿಯ ವಿಸ್ತೀರ್ಣ ಸುಮಾರು 1,186 ಚದರ ಮೈಲಿ. ನಮ್ಮ ಕೊಡಗಿನ ಮುಕ್ಕಾಲು ಭಾಗ ಎಂದುಕೊಳ್ಳಿ. ನೀರು ಬಿಟ್ಟು ನೆಲವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಇಲಿನಾಯ್‌ನಲ್ಲಿ ಇದಕ್ಕಿಂತ ದೊಡ್ಡ ಕೌಂಟಿ ಇಲ್ಲ. ಆದರೆ ಕೊಡಗಿನ ಏರಿಳಿತ ಇಲ್ಲಿ ಹುಡುಕಿದರೂ ಸಿಗದು. ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಉತ್ತರದಿಂದ ಬಂದ ಹಿಮದ ರಾಶಿ ಈ ನೆಲವನ್ನು ತಟ್ಟೆಯಂತೆ ಮಾಡಿ ಹೋಯಿತು. ಅದು ಕರಗುತ್ತಾ ನಿಂತ ಕಡೆ ಮಾತ್ರ ಮಣ್ಣು-ಕಲ್ಲಿನ ಉದ್ದನೆಯ ದಿಬ್ಬಗಳು ಉಳಿದವು. ಆಮೇಲೆ ನದಿಪಾತ್ರಗಳಿಂದ ಗಾಳಿ ಹೊತ್ತು ತಂದ ನುಣ್ಣನೆಯ ಧೂಳು ಎಲ್ಲದರ ಮೇಲೂ ಹಾಸಿಕೊಂಡಿತು.

ಆ ಧೂಳಿನ ಮೇಲೆ ಹುಲ್ಲು ಬಂತು. ಆಳೆತ್ತರದ, ಕೆಲವೆಡೆ ಅದಕ್ಕೂ ಮೀರಿದ ಹುಲ್ಲು. ಮೇಲೆ ಕಂಡಷ್ಟೇ ಅಲ್ಲ, ನೆಲದೊಳಗೂ ಅದರ ಬೇರುಗಳು ಹಲವು ಅಡಿ ಇಳಿದಿದ್ದವು. ಸಾವಿರಾರು ವರ್ಷ ಈ ಬೇರುಗಳು ಸಾಯುತ್ತಾ, ಕೊಳೆಯುತ್ತಾ, ಮತ್ತೆ ಹುಟ್ಟುತ್ತಾ ಬಂದವು. ಮೇಲಿನ ಒಂದೂವರೆ ಅಡಿ ಮಣ್ಣು ಕಾಡಿಗೆಯಷ್ಟು ಕಪ್ಪಾಯಿತು. ಇಲ್ಲಿನ ತಗ್ಗು ಹೊಲಗಳ ಮಣ್ಣಿಗೆ ಡ್ರಮ್ಮರ್ ಎಂದು ಹೆಸರು. ಅದೇ ಇಲಿನಾಯ್‌ನ ರಾಜ್ಯ ಮಣ್ಣು.

ಕಪ್ಪು ಮಣ್ಣು ಎಂದಕೂಡಲೇ ನಮಗೆ ಧಾರವಾಡ, ಗದಗ, ರಾಯಚೂರಿನ ಎರೆ ಭೂಮಿ ನೆನಪಾಗುತ್ತದೆ, ಅಲ್ವಾ? ಎರಡೂ ಬೇರೆ. ನಮ್ಮ ಎರೆ ಬೇಸಿಗೆಯಲ್ಲಿ ಬಾಯಿ ಬಿಡುವ ಜೇಡಿ. ಅದರಲ್ಲಿ ಸಾವಯವ ಅಂಶ ಕಡಿಮೆ, ಬಣ್ಣ ಮಾತ್ರ ಕಪ್ಪು. ಇಲ್ಲಿನ ಕಪ್ಪು ಪೂರ್ತಿ ಹುಲ್ಲಿನ ಬೇರಿನ ಕೊಡುಗೆ. ಮುಷ್ಟಿಯಲ್ಲಿ ಹಿಡಿದರೆ ಗೊಬ್ಬರದ ಗುಂಡಿಯ ತಳದ ಮಣ್ಣಿನ ಹಾಗೆ ಪುಡಿಯಾಗುತ್ತದೆ.

ಇಂಥ ನೆಲಕ್ಕೆ ಒಂದೇ ದೋಷ. ನೀರು ಹೋಗುವುದಿಲ್ಲ. ಸ್ಯಾಂಗಮನ್ ನದಿ ಹುಟ್ಟುವುದು ಈ ಕೌಂಟಿಯಲ್ಲೇ. ಮ್ಯಾಕಿನಾ, ಕಿಕಪೂ ಹಳ್ಳ, ಶುಗರ್ ಹಳ್ಳ ಇಲ್ಲೇ ಹರಿಯುತ್ತವೆ. ಆದರೆ ಎಲ್ಲವೂ ಇಲ್ಲಿ ಇನ್ನೂ ಎಳೆಯ ಹಳ್ಳಗಳು. ಬಯಲಿನ ನಡುವೆ ಬಿದ್ದ ಮಳೆ ಅವುಗಳವರೆಗೆ ಹೋಗಲು ಇಳಿಜಾರೇ ಇಲ್ಲ. ಮಾರ್ಚ್‌ನಲ್ಲಿ ಹಿಮ ಕರಗಿ ನಿಂತ ನೀರು ಜೂನ್‌ವರೆಗೂ ನಿಂತೇ ಇರುತ್ತಿತ್ತು. ತುಂಗಭದ್ರಾ ಅಚ್ಚುಕಟ್ಟಿನ ರೈತರು ಜವಳು ಭೂಮಿ ಅಂತಾರಲ್ಲ, ನೋಡಲು ಹಾಗೇ. ಅಲ್ಲಿ ಕಾಲುವೆ ನೀರು ಹೆಚ್ಚಾಗಿ ಜವಳಾಯಿತು. ಇಲ್ಲಿ ನೆಲ ಹುಟ್ಟಿದ್ದೇ ಜವಳಾಗಿ.

ತೋಪುಗಳು ಎಲ್ಲಿದ್ದವು ಎನ್ನುವುದಕ್ಕೂ ಕಾರಣವಿತ್ತು. ಪ್ರತಿ ಶರತ್ಕಾಲ ಒಣ ಹುಲ್ಲಿಗೆ ಬೆಂಕಿ ಬೀಳುತ್ತಿತ್ತು. ಎಷ್ಟೋ ಸಲ ಇಲ್ಲಿನ ಮೂಲನಿವಾಸಿಗಳೇ ಬೇಟೆಗಾಗಿ, ಹೊಸ ಹುಲ್ಲಿಗಾಗಿ ಹಚ್ಚುತ್ತಿದ್ದರು. ಪಶ್ಚಿಮದ ಗಾಳಿ ಬೆಂಕಿಯನ್ನು ಪೂರ್ವಕ್ಕೆ ತಳ್ಳುತ್ತಿತ್ತು. ಹಳ್ಳ ಸಿಕ್ಕಿದರೆ ಬೆಂಕಿ ಅಲ್ಲಿ ನಿಲ್ಲುತ್ತಿತ್ತು. ಹಾಗಾಗಿ ಹಳ್ಳದ ಪೂರ್ವ ದಂಡೆಯಲ್ಲಿ ಓಕ್, ವಾಲ್‌ನಟ್, ಮೇಪಲ್ ಮರಗಳು ಬದುಕಿಕೊಂಡವು. ಬ್ಲೂಮಿಂಗ್ ಗ್ರೋವ್, ಫಂಕ್ಸ್ ಗ್ರೋವ್, ರ‍್ಯಾಂಡಾಲ್ಫ್ ಗ್ರೋವ್, ಚೇನಿಸ್ ಗ್ರೋವ್: ಹಳೆಯ ಊರಿನ ಹೆಸರುಗಳಲ್ಲೆಲ್ಲ ತೋಪು ಇದೆ. ಹುಲ್ಲಿನ ಸಮುದ್ರದಲ್ಲಿ ಅವು ದ್ವೀಪಗಳಂತಿದ್ದವು.

ಮೊದಲಿದ್ದವರು

ಈ ಭಾಗ ಕಿಕಪೂ ಜನರದ್ದು. ಈಗಿನ ಲೆರಾಯ್ ಊರಿನ ಈಶಾನ್ಯಕ್ಕೆ ಅವರ ದೊಡ್ಡ ಹಳ್ಳಿ ಇತ್ತು. ಅವರೂ ಮೆಕ್ಕೆಜೋಳ ಬೆಳೆಯುತ್ತಿದ್ದರು, ಮೇಪಲ್ ರಸದಿಂದ ಸಕ್ಕರೆ ಮಾಡುತ್ತಿದ್ದರು. 1819ರ ಎಡ್ವರ್ಡ್ಸ್‌ವಿಲ್ ಒಪ್ಪಂದದಲ್ಲಿ ಈ ನೆಲವನ್ನು ಅವರ ಕೈಯಿಂದ ಬರೆಸಿಕೊಳ್ಳಲಾಯಿತು. ಕೆಲವರು 1830ರ ಆಸುಪಾಸಿನವರೆಗೂ ಇಲ್ಲೇ ಉಳಿದಿದ್ದರು. ಆಮೇಲೆ ಮಿಸಿಸಿಪಿಯ ಆಚೆಗೆ ಹೋಗಬೇಕಾಯಿತು. ಹೊಸಬರು ಮೊದಲ ವರ್ಷಗಳಲ್ಲಿ ತಿಂದದ್ದು, ಕುಡಿದದ್ದು, ಬಿತ್ತಿದ್ದು ಬಹುಪಾಲು ಈ ಜನ ಮೊದಲೇ ಕಂಡುಕೊಂಡಿದ್ದನ್ನು. ಕೌಂಟಿಯ ಕೃಷಿ ಇತಿಹಾಸವನ್ನು 1822ರಿಂದ ಶುರು ಮಾಡುವುದು ಅದಕ್ಕೇ ನನಗೆ ಸರಿ ಕಾಣುವುದಿಲ್ಲ.

ತೋಪಿನ ಲೆಕ್ಕ

1822ರಲ್ಲಿ ಬ್ಲೂಮಿಂಗ್ ಗ್ರೋವ್‌ಗೆ ಜಾನ್ ಹೆಂಡ್ರಿಕ್ಸ್ ಮತ್ತು ಜಾನ್ ಡಾಸನ್ ಕುಟುಂಬಗಳು ಬಂದವು. ಎರಡು ವರ್ಷಕ್ಕೆ ಐಸಾಕ್ ಫಂಕ್ ತನ್ನ ಸೋದರ ಅಬ್ಸಲಮ್ ಜೊತೆ ನೈಋತ್ಯದ ತೋಪಿನಲ್ಲಿ ನೆಲೆಯೂರಿದ. ಅದೇ ಫಂಕ್ಸ್ ಗ್ರೋವ್ ಆಯಿತು. 1830ರ ಡಿಸೆಂಬರ್ 25ರಂದು ಕೌಂಟಿ ರಚನೆಯಾಯಿತು. ಆ ಚಳಿಗಾಲವನ್ನು ಇಲಿನಾಯ್ ಜನ ‘ಆಳ ಹಿಮದ ಚಳಿಗಾಲ’ ಎಂದೇ ಕರೆದರು. ಮೂರು ನಾಲ್ಕು ಅಡಿ ಹಿಮ ಬಿದ್ದು, ವಾರಗಟ್ಟಲೆ ಕರಗದೆ ನಿಂತಿತು. ಹೊಲದಲ್ಲೇ ಬಿಟ್ಟಿದ್ದ ಜೋಳದ ತೆನೆಯನ್ನು ಹಿಮ ಅಗೆದು ತಂದು ತಿಂದರು.

ಆ ಚಳಿಗಾಲವನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ನೋಡಿ. ಮನೆ ಕಟ್ಟಲು ದಿಮ್ಮಿ ಬೇಕು. ಒಲೆಗೆ ಆರು ತಿಂಗಳ ಸೌದೆ ಬೇಕು. ದನ ಹೊಲಕ್ಕೆ ನುಗ್ಗದಂತೆ ಬೇಲಿ ಬೇಕು, ಬೇಲಿಗೆ ಸೀಳಿದ ಮರ ಬೇಕು. ಕುಡಿಯಲು ಹರಿಯುವ ನೀರು ಬೇಕು. ಗಾಳಿಗೆ ಅಡ್ಡ ಬೇಕು. ಬಯಲಿನ ನಡುವೆ ಇವುಗಳಲ್ಲಿ ಒಂದೂ ಇಲ್ಲ. ತೋಪಿನಲ್ಲಿ ಎಲ್ಲವೂ ಇವೆ, ಜೊತೆಗೆ ಸಿಹಿಯೂ ಇದೆ. ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ರಾತ್ರಿ ಚಳಿ, ಹಗಲು ಬಿಸಿಲು ಬಿದ್ದಾಗ ಮೇಪಲ್ ಮರಕ್ಕೆ ರಂಧ್ರ ಕೊರೆದರೆ ರಸ ತೊಟ್ಟಿಕ್ಕುತ್ತದೆ. ನಲವತ್ತು ಐವತ್ತು ಪಾತ್ರೆ ರಸ ಕುದಿಸಿದರೆ ಒಂದು ಪಾತ್ರೆ ಪಾಕ. ನಮ್ಮ ಜೋನಿ ಬೆಲ್ಲಕ್ಕಿಂತ ತೆಳು, ಬಣ್ಣ ಹೆಚ್ಚುಕಡಿಮೆ ಅದೇ. ಫಂಕ್ಸ್ ಗ್ರೋವ್‌ನಲ್ಲಿ ಆ ಕುಟುಂಬದವರು ಈಗಲೂ ಇದನ್ನು ಮಾಡಿ ಮಾರುತ್ತಾರೆ.

ಇನ್ನು ಬಯಲನ್ನು ಉಳುವ ಮಾತು. ಆ ಹುಲ್ಲಿನ ಬೇರುಗಳು ಚಾಪೆಯಂತೆ ಹೆಣೆದುಕೊಂಡಿದ್ದವು. ಪೂರ್ವದಿಂದ ತಂದ ನೇಗಿಲು ಅದನ್ನು ಸೀಳುತ್ತಿರಲಿಲ್ಲ. ಸೀಳಿದ ಕಡೆ ಜಿಗುಟು ಮಣ್ಣು ನೇಗಿಲಿಗೆ ಅಂಟಿ ಕೂರುತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಿಸಿ ಕೆರೆಯಬೇಕು. ಬಯಲು ಒಡೆಯುವುದಕ್ಕೆಂದೇ ಭಾರಿ ನೇಗಿಲು, ಅದನ್ನೆಳೆಯಲು ನಾಲ್ಕೈದು ಜೋಡಿ ಎತ್ತು ಇಟ್ಟುಕೊಂಡವರಿಗೆ ಕೂಲಿ ಕೊಟ್ಟು ಕರೆಸಬೇಕಿತ್ತು. ಸರ್ಕಾರಿ ಜಮೀನಿನ ಬೆಲೆ ಎಕರೆಗೆ ಒಂದೂಕಾಲು ಡಾಲರ್. ಎಷ್ಟೋ ಕಡೆ ಒಡೆಯುವ ಕೂಲಿಯೇ ಅದಕ್ಕಿಂತ ಜಾಸ್ತಿ ಆಗುತ್ತಿತ್ತು. ಒಡೆದ ಮೇಲೂ ಹೆಂಟೆ ಕೊಳೆಯಲು ಒಂದು ವರ್ಷ ಕಾಯಬೇಕು. ಕಾಯಲಾಗದವರು ಕೊಡಲಿಯಿಂದ ಹೆಂಟೆ ಸೀಳಿ, ಆ ಸೀಳಿನೊಳಗೆ ಜೋಳದ ಕಾಳು ಹಾಕಿ, ಕಾಲಲ್ಲಿ ಒತ್ತಿ ಮುಂದೆ ಹೋಗುತ್ತಿದ್ದರು. ಬಂದಷ್ಟು ಬಂತು.

ಜೊತೆಗೆ ರೋಗ. ಬೇಸಿಗೆ ಕೊನೆಗೆ ಮನೆ ಮನೆಯಲ್ಲೂ ಮಲೇರಿಯಾ. ಜೌಗಿನ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಅವರು ತಿಳಿದಿದ್ದರು. ಸೊಳ್ಳೆಯ ವಿಷಯ ಗೊತ್ತಿರದಿದ್ದರೂ, ಜೌಗಿನಿಂದ ದೂರ ಇರಬೇಕು ಎನ್ನುವ ತೀರ್ಮಾನ ಸರಿಯಾಗೇ ಇತ್ತು. ಹಸಿರು ತಲೆಯ ನೊಣಗಳು ಕುದುರೆಗಳನ್ನು ಎಷ್ಟು ಕಾಡುತ್ತಿದ್ದವೆಂದರೆ, ಬೇಸಿಗೆಯಲ್ಲಿ ಬಯಲು ದಾಟುವವರು ರಾತ್ರಿ ಹೊತ್ತು ಹೊರಡುತ್ತಿದ್ದರು.

ಉಳದೆ ಬಯಲನ್ನು ಬಳಸಿದವನು

ಈ ಪ್ರಕರಣದ ಹೃದಯ ಇಲ್ಲಿದೆ ಎಂದು ನನ್ನ ಅಭಿಪ್ರಾಯ.

ಐಸಾಕ್ ಫಂಕ್ ಹುಟ್ಟಿದ್ದು 1797ರಲ್ಲಿ, ಕೆಂಟಕಿಯಲ್ಲಿ. ಬೆಳೆದದ್ದು ಓಹಾಯೋದಲ್ಲಿ. ಅಲ್ಲಿ ದನಗಳಿಗೆ ಜೋಳ ತಿನ್ನಿಸಿ ಕೊಬ್ಬಿಸಿ, ದೂರದ ಪೇಟೆಗೆ ಹೊಡೆದುಕೊಂಡು ಹೋಗುವ ವ್ಯಾಪಾರ ಆಗಲೇ ಬೇರೂರಿತ್ತು. ಅದನ್ನು ಅವನು ಇಲ್ಲಿಗೆ ತಂದ. ತೋಪಿನ ಅಂಚಿನಲ್ಲಿ ಸ್ವಲ್ಪ ಹೊಲ, ಅದರಲ್ಲಿ ಜೋಳ. ತೋಪಿನಲ್ಲಿ ಮನೆ, ನೀರು. ಎದುರಿಗೆ ಕೊನೆಯೇ ಇಲ್ಲದ ಹುಲ್ಲು, ಅದು ಯಾರದ್ದೂ ಅಲ್ಲ. ಬೇಸಿಗೆಯಲ್ಲಿ ದನ ಬಯಲಿನಲ್ಲಿ ಮೇಯುತ್ತದೆ. ಚಳಿಗಾಲದಲ್ಲಿ ಜೋಳ ತಿನ್ನುತ್ತದೆ. ಧಾರವಾಡ, ಹಾವೇರಿ ಕಡೆ ಮೆಕ್ಕೆಜೋಳಕ್ಕೆ ಗೋವಿನಜೋಳ ಎನ್ನುತ್ತಾರೆ. ಫಂಕ್‌ನ ಹೊಲಕ್ಕೆ ಆ ಹೆಸರು ಅಕ್ಷರಶಃ ಒಪ್ಪುತ್ತದೆ.

ಜೋಳವನ್ನೇ ಏಕೆ ಮಾರಲಿಲ್ಲ? ದಾರಿ ಇರಲಿಲ್ಲ. ಒಂದು ಬುಶೆಲ್ ಕಾಳು 56 ಪೌಂಡ್, ಅಂದರೆ ಸುಮಾರು 25 ಕಿಲೋ. ನೂರು ಬುಶೆಲ್ ಅಂದರೆ ಎರಡೂವರೆ ಟನ್. ಅದನ್ನು ಗಾಡಿಗೆ ಹೇರಿ 200 ಕಿಲೋಮೀಟರ್ ಆಚೆಯ ಷಿಕಾಗೋಗೆ, ಸೇತುವೆಯಿಲ್ಲದ ಹಳ್ಳ, ಕೆಸರು ದಾಟಿಸಿ ಒಯ್ದರೆ ಬಂದ ದುಡ್ಡು ದಾರಿ ಖರ್ಚಿಗೂ ಸಾಲದು. ಅದೇ ಜೋಳ ದನದ ಹೊಟ್ಟೆ ಸೇರಿದರೆ, ದನ ತನ್ನ ಕಾಲಲ್ಲೇ ನಡೆದು ಪೇಟೆಗೆ ಹೋಗುತ್ತದೆ.

ಕೊಟ್ಟಿಗೆಯಲ್ಲಿ ನಡೆಯುತ್ತಿದ್ದ ಇನ್ನೊಂದು ಸಂಗತಿ ನೋಡಿ. ವಾಸ್ತವದಲ್ಲಿ ಕೊಟ್ಟಿಗೆಯೇ ಇರಲಿಲ್ಲ, ಬೇಲಿ ಹಾಕಿದ ಬಯಲು ಅಷ್ಟೇ. ಜೋಳವನ್ನು ದಂಟು, ತೆನೆ ಸಮೇತ ಕೊಯ್ದು ಬಣವೆ ನಿಲ್ಲಿಸಿ, ದಿನವೂ ಅಷ್ಟಷ್ಟು ತಂದು ನೆಲದ ಮೇಲೆ ಎಸೆಯುತ್ತಿದ್ದರು. ದನ ತಿನ್ನುವಾಗ ಅರ್ಧ ಕೆಳಗೆ ಉದುರುತ್ತಿತ್ತು. ತಿಂದ ಕಾಳಿನಲ್ಲೂ ಒಂದಷ್ಟು ಅರಗದೆ ಸಗಣಿಯಲ್ಲಿ ಹಾಗೇ ಬೀಳುತ್ತಿತ್ತು. ದನದ ಹಿಂದೆಯೇ ಹಂದಿಗಳನ್ನು ಬಿಡುತ್ತಿದ್ದರು. ಉದುರಿದ್ದು, ಸಗಣಿಯಲ್ಲಿದ್ದದ್ದು ಎಲ್ಲವನ್ನೂ ಅವು ಆರಿಸಿ ತಿಂದು ಕೊಬ್ಬುತ್ತಿದ್ದವು. ಒಂದೇ ತೆನೆಗೆ ಎರಡು ಸಲ ಬೆಲೆ ಬಂತು. ನೆಲಕ್ಕೆ ಗೊಬ್ಬರ ಬೇರೆ.

ಈ ದುಡ್ಡು ಜಮೀನಾಯಿತು. ಬೇರೆಯವರು ಬಯಲನ್ನು ಉಳಲಾಗದ ನೆಲವೆಂದು ಬಿಟ್ಟಿದ್ದಾಗ, ಫಂಕ್‌ಗೆ ಅದನ್ನು ಉಳುವ ಅಗತ್ಯವೇ ಇರಲಿಲ್ಲ. ಮೇಯಿಸಿದರೆ ಸಾಕಿತ್ತು. ಅಗ್ಗದ ಬೆಲೆಗೆ ಕೊಳ್ಳುತ್ತಾ ಹೋದ. 1865ರ ಜನವರಿಯಲ್ಲಿ ಅವನು ತೀರಿಕೊಂಡಾಗ ಸುಮಾರು 25,000 ಎಕರೆ ಅವನದಾಗಿತ್ತು. ಅವನ ಹೆಂಡತಿ ಕಸಾಂಡ್ರಾ ಕೂಡ ಅದೇ ದಿನ, ಕೆಲವೇ ಗಂಟೆಗಳ ಅಂತರದಲ್ಲಿ ತೀರಿಕೊಂಡಳು.

ಫಂಕ್ ಶ್ರಮಜೀವಿ, ಚಾಣಾಕ್ಷ. ಅದರಲ್ಲಿ ಸಂದೇಹವಿಲ್ಲ. ಆದರೆ ಅವನ ನಿಜವಾದ ಬಲ ಕಾಯುವ ಶಕ್ತಿ. ಬರೀ ರಟ್ಟೆ ಬಲ ನಂಬಿ ಬಂದ ಒಕ್ಕಲಿಗನಿಗೆ ಈ ವರ್ಷದ ಬೆಳೆ ಈ ವರ್ಷವೇ ಕೈಗೆ ಬರಬೇಕು. ದನವಿದ್ದವನು ನೀರು ನಿಂತ ಬಯಲನ್ನೂ ಮೂವತ್ತು ವರ್ಷ ಹಾಗೇ ಇಟ್ಟುಕೊಳ್ಳಬಲ್ಲ. ನೇಗಿಲು, ರೈಲು ಬರುವ ಮೊದಲೇ ಒಳ್ಳೆಯ ನೆಲ ಯಾರದ್ದು ಎನ್ನುವುದು ಬಹುಮಟ್ಟಿಗೆ ತೀರ್ಮಾನವಾಗಿತ್ತು. 1880ರ ಜನಗಣತಿ ಹೊತ್ತಿಗೆ ಇಲಿನಾಯ್‌ನ ಒಕ್ಕಲುಗಳಲ್ಲಿ ಸುಮಾರು ಮೂರರಲ್ಲಿ ಒಂದು ಗೇಣಿಯವು.

ರೈಲು

1837ರಲ್ಲಿ ಇಲಿನಾಯ್‌ನದೇ ಗ್ರ್ಯಾಂಡ್ ಡಿಟೂರ್‌ನಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ನುಣುಪಾದ ಉಕ್ಕಿನ ನೇಗಿಲು ಮಾಡಿದ. ಮಣ್ಣು ಅಂಟದೆ ಜಾರತೊಡಗಿತು. ಆದರೂ ಬಯಲು ತುಂಬಲಿಲ್ಲ. ಬೆಳೆದದ್ದನ್ನು ಒಯ್ಯುವ ದಾರಿ ಇನ್ನೂ ಇರಲಿಲ್ಲವಲ್ಲ.

1853ರಲ್ಲಿ ಒಂದೇ ವರ್ಷದಲ್ಲಿ ಎರಡು ರೈಲು ಹಳಿ ಕೌಂಟಿಯ ಮುಖ್ಯ ಊರಾದ ಬ್ಲೂಮಿಂಗ್ಟನ್‌ಗೆ ಬಂದವು. ಒಂದು ಇಲಿನಾಯ್ ಸೆಂಟ್ರಲ್. ಇನ್ನೊಂದು ಮುಂದೆ ಷಿಕಾಗೋ ಅಂಡ್ ಆಲ್ಟನ್ ಎಂದು ಹೆಸರಾದದ್ದು. ಅವು ಅಡ್ಡಹಾಯುವ ಜಾಗದಲ್ಲಿ ನಾರ್ಮಲ್ ಊರು ಬೆಳೆಯಿತು. ಕೌಂಟಿಯ ಜನಸಂಖ್ಯೆಯೇ ಕಥೆ ಹೇಳುತ್ತದೆ: 1850ರಲ್ಲಿ 10,163. 1860ರಲ್ಲಿ 28,772. 1870ರಲ್ಲಿ 53,988. ಟೊವಾಂಡಾ, ಹೇವರ್ತ್, ಮೆಕ್ಲೇನ್ ಮುಂತಾದ ಊರುಗಳು ತೋಪು ಬಿಟ್ಟು ಹಳಿಯ ಪಕ್ಕ ಎದ್ದವು. ಇಲಿನಾಯ್ ಸೆಂಟ್ರಲ್‌ಗೆ ಸರ್ಕಾರ ಹಳಿಯ ಎರಡೂ ಬದಿ ಒಂದು ಬಿಟ್ಟು ಒಂದು ಚೌಕದಂತೆ ಜಮೀನು ಕೊಟ್ಟಿತ್ತು. ಕಂಪನಿ ಅದನ್ನು ಕಂತಿನಲ್ಲಿ ರೈತರಿಗೆ ಮಾರಿತು.

ಕೌಂಟಿಗೆ ರೈಲಿನ ಮೇಲೆ ಪ್ರೀತಿಯೂ ಇತ್ತು, ತೆರಿಗೆಯ ಆಸೆಯೂ ಇತ್ತು. ಕಂಪನಿಯ ಆಸ್ತಿಗೆ ತೆರಿಗೆ ಹಾಕಿತು. ಕಂಪನಿ ಕೋರ್ಟಿಗೆ ಹೋಯಿತು. ಕಂಪನಿಯ ವಕೀಲ ಅಬ್ರಹಾಂ ಲಿಂಕನ್. 1856ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್ ಕಂಪನಿಯ ಪರ ತೀರ್ಪು ಕೊಟ್ಟಿತು. ಕೇಸು ಗೆದ್ದುಕೊಟ್ಟ ಲಿಂಕನ್ ತನ್ನ 5,000 ಡಾಲರ್ ಫೀಸಿಗಾಗಿ ಅದೇ ಕಂಪನಿಯ ಮೇಲೆ 1857ರಲ್ಲಿ ಬ್ಲೂಮಿಂಗ್ಟನ್ ಕೋರ್ಟಿನಲ್ಲಿ ದಾವೆ ಹೂಡಿ, ಗೆದ್ದು ಪಡೆಯಬೇಕಾಯಿತು.

ಮರವಿಲ್ಲದ ಬಯಲಿಗೆ ಬೇಲಿಯ ಸಮಸ್ಯೆಯೂ ಈ ಹೊತ್ತಿಗೆ ಸಡಿಲವಾಯಿತು. ಮೊದಲು ಓಸೇಜ್ ಆರೆಂಜ್ ಎಂಬ ಮುಳ್ಳುಗಿಡದ ಜೀವಂತ ಬೇಲಿ, 1870ರ ದಶಕದಿಂದ ಮುಳ್ಳುತಂತಿ.

ನೀರಿಗೆ ದಾರಿ

ಇಷ್ಟಾದರೂ ಅತಿ ಒಳ್ಳೆಯ ಮಣ್ಣು, ಡ್ರಮ್ಮರ್ ತಗ್ಗುಗಳು, ಇನ್ನೂ ನೀರಲ್ಲೇ ಇದ್ದವು. ಅದಕ್ಕೆ ಉತ್ತರ ಸುಟ್ಟ ಜೇಡಿಮಣ್ಣಿನ ಕೊಳವೆ. ಇಲ್ಲಿನವರು ಅದಕ್ಕೆ ಟೈಲ್ ಎನ್ನುತ್ತಾರೆ. ನೆಲಕ್ಕೆ ಹಾಸುವ ಟೈಲ್ಸ್ ಅಲ್ಲ. ಒಂದಡಿ ಉದ್ದದ, ನಾಲ್ಕೈದು ಇಂಚು ಅಗಲದ, ಎರಡೂ ಬಾಯಿ ತೆರೆದ ತುಂಡು. ಮೂರ‍್ನಾಲ್ಕು ಅಡಿ ಆಳದ ಕಿರಿದಾದ ಕಾಲುವೆ ತೋಡಿ, ತುಂಡಿಗೆ ತುಂಡು ತಾಗಿಸಿ ಮಲಗಿಸಿ, ಮಣ್ಣು ಮುಚ್ಚುತ್ತಾರೆ. ಅಂಟು, ಸಿಮೆಂಟ್ ಏನೂ ಇಲ್ಲ. ಎರಡು ತುಂಡಿನ ನಡುವಿನ ಕೂದಲೆಳೆ ಸಂದಿಯಿಂದಲೇ ನೀರು ಒಳಗೆ ಬಸಿಯುತ್ತದೆ. ನಮ್ಮ ಬಸಿಗಾಲುವೆಯನ್ನು ನೆಲದಡಿ ಹೂತಂತೆ.

ತೋಡುತ್ತಿದ್ದದ್ದು ಕೈಯಿಂದ. ಉದ್ದನೆಯ, ಕಿರಿದಾದ ಅಲಗಿನ ಸಲಿಕೆ. ತಳವನ್ನು ಕೆರೆದು ಸಾಪು ಮಾಡಲು ಉದ್ದ ಹಿಡಿಯ ಇನ್ನೊಂದು ಸಾಧನ. ನೂರು ಅಡಿಗೆ ಕೆಲವೇ ಇಂಚು ಇಳಿಜಾರು ಇರಬೇಕು. ಎಲ್ಲೂ ಉಬ್ಬಬಾರದು, ತಗ್ಗಬಾರದು. ತಗ್ಗಿದ ಕಡೆ ಹೂಳು ಕೂತು ಕೊಳವೆ ಕಟ್ಟಿಕೊಳ್ಳುತ್ತದೆ. ಕಾಲುವೆಯ ತಳದಲ್ಲಿ ಬಸಿದ ನೀರು ಯಾವ ಕಡೆ ಹೇಗೆ ಹರಿಯುತ್ತಿದೆ ಎಂದು ನೋಡಿಯೇ ಮಟ್ಟ ಹಿಡಿಯುತ್ತಿದ್ದರು. ನೂರು ಅಡಿಗೊಂದು ಸಾಲು ಹಾಕಿದರೆ ಎಕರೆಗೆ ಸುಮಾರು 435 ತುಂಡು. 80 ಎಕರೆಯ ಹೊಲಕ್ಕೆ ಹತ್ತಿರ ಹತ್ತಿರ 35,000. ಒಂದೊಂದನ್ನೂ ಕೈಯಲ್ಲಿ ಎತ್ತಿ ಮಲಗಿಸಬೇಕು. ಆದ್ದರಿಂದ ಶುರುವಿಗೆ ಹೆಚ್ಚಿನವರು ತೀರಾ ನೀರು ನಿಲ್ಲುವ ತಗ್ಗಿಗಷ್ಟೇ ಹಾಕಿಸಿದರು.

ಆದರೆ ಕೊಳವೆ ಹಾಕಿದರೆ ಮುಗಿಯಿತೆ? ನೀರು ಎಲ್ಲಿಗೆ ಬಿಡುವುದು? ಕೆಳಗಿನ ಹೊಲ ಇನ್ನೊಬ್ಬನದು. ಅವನು ಬೇಡ ಎಂದರೆ ಅಲ್ಲಿಗೆ ನಿಂತಿತು. ಹಳ್ಳಿಯಲ್ಲಿ ಬೆಳೆದವರಿಗೆ ಈ ಜಗಳ ಬಿಡಿಸಿ ಹೇಳಬೇಕಾಗಿಲ್ಲ. 1878ರಲ್ಲಿ ಇಲಿನಾಯ್ ತನ್ನ ಸಂವಿಧಾನಕ್ಕೆ ತಿದ್ದುಪಡಿ ತಂದಿತು. 1879ರಲ್ಲಿ ಕಾನೂನು ಬಂತು. ಒಂದು ಹಳ್ಳದ ಪ್ರದೇಶದ ರೈತರು ಸೇರಿ ಬಸಿಗಾಲುವೆ ಮಂಡಳಿ ಮಾಡಿಕೊಳ್ಳಬಹುದು, ಇತರರ ಜಮೀನಿನ ಮೂಲಕ ಕಾಲುವೆ ತೆಗೆಯಬಹುದು, ಯಾರಿಗೆಷ್ಟು ಲಾಭವೋ ಅಷ್ಟು ಖರ್ಚು ವಸೂಲಿ ಮಾಡಬಹುದು. ಕೊಳವೆಗಿಂತ ಈ ಕಾನೂನೇ ದೊಡ್ಡದು ಎಂದು ನನಗನಿಸುತ್ತದೆ. ಕೊಳವೆಯನ್ನು ಒಬ್ಬನೇ ಕೊಳ್ಳಬಹುದು. ನೀರನ್ನು ಒಬ್ಬನೇ ಹೊರಗೆ ಕಳಿಸಲಾಗುವುದಿಲ್ಲ.

ಅಲ್ಲಿಂದ ಮುಂದೆ ಬದಲಾವಣೆ ಬೇಗ. ಜೌಗು ಹೋಯಿತು, ಮಲೇರಿಯಾ ಕಡಿಮೆಯಾಯಿತು. ಮೇವಿನ ಬಯಲು ಉಳುಮೆಗೆ ಬಂತು. ದನದ ಸೀಮೆ ನಿಧಾನವಾಗಿ ಕಾಳಿನ ಸೀಮೆಯಾಯಿತು. 1901ರಲ್ಲಿ ಐಸಾಕ್‌ನ ವಂಶದವರೇ ಬ್ಲೂಮಿಂಗ್ಟನ್‌ನಲ್ಲಿ ಬೀಜದ ಕಂಪನಿ ತೆರೆದರು. ಮುಂದೆ ಹೈಬ್ರಿಡ್ ಜೋಳದಲ್ಲಿ ಅದು ದೊಡ್ಡ ಹೆಸರಾಯಿತು. 1922ರಲ್ಲಿ ಇದೇ ಕೌಂಟಿಯ ಮರ್ನಾ ಊರಿನ ರೈತ ಜಾರ್ಜ್ ಮೆಶರ್ಲ್, ರೈತರ ಕಾರುಗಳಿಗೆಂದು ಸ್ಟೇಟ್ ಫಾರ್ಮ್ ವಿಮಾ ಕಂಪನಿ ಶುರು ಮಾಡಿದ. ಇಂದು ಬ್ಲೂಮಿಂಗ್ಟನ್, ನಾರ್ಮಲ್‌ನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಕನ್ನಡದ ಮನೆಗಳೂ ಇವೆ. ಆ ಕೆಲಸಗಳ ಬುಡ ಹುಡುಕಿದರೂ ಸಿಗುವುದು ಈ ಹೊಲಗಳೇ.

ಹುಲ್ಲಿನ ಬಯಲು ಮಾತ್ರ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಹಳೆಯ ಸ್ಮಶಾನದ ಮೂಲೆ, ರೈಲು ಹಳಿಯ ಅಂಚು, ಅಲ್ಲಲ್ಲಿ ಚೂರು ಉಳಿದಿದೆ. ಕೊಳವೆಗಳು ನೀರನ್ನಷ್ಟೇ ಒಯ್ಯುವುದಿಲ್ಲ, ಗೊಬ್ಬರದ ನೈಟ್ರೇಟನ್ನೂ ಒಯ್ಯುತ್ತವೆ. ಬ್ಲೂಮಿಂಗ್ಟನ್ ಊರಿಗೆ ಕುಡಿಯುವ ನೀರು ಕೊಡುವ ಕೆರೆಯಲ್ಲಿ ಅದು ಏರಿ ತಲೆನೋವಾದ ವರ್ಷಗಳಿವೆ.

ಏಪ್ರಿಲ್‌ನಲ್ಲಿ ಒಂದು ಜೋರು ಮಳೆಯಾದ ಮಾರನೆಯ ದಿನ ಇಲ್ಲಿನ ಹಳ್ಳಿ ರಸ್ತೆಯ ಬದಿಯ ಕಾಲುವೆಯನ್ನು ಬಗ್ಗಿ ನೋಡಬೇಕು. ದಂಡೆಯ ಮಣ್ಣಿನಿಂದ ಕೊಳವೆಯೊಂದು ಹೊರಗೆ ಚಾಚಿರುತ್ತದೆ. ಅದರಿಂದ ನೀರು ಒಂದೇ ಸಮನೆ ಸುರಿಯುತ್ತಿರುತ್ತದೆ. ಮೇಲೆ ಹೊಲ ನೋಡಿದರೆ ಏನೂ ಕಾಣದು, ಬರೀ ಕಪ್ಪು ನೆಲ. ನೂರು ವರ್ಷ ದಾಟಿದ ಮಣ್ಣಿನ ತುಂಡುಗಳು ಕೆಲವು ಹೊಲಗಳಡಿ ಇನ್ನೂ ಕೆಲಸ ಮಾಡುತ್ತಿವೆ. ಎಲ್ಲಾದರೂ ಒಂದು ಒಡೆದರೆ ಮೇಲಿನ ಮಣ್ಣು ಕುಸಿದು, ಬೆಳೆಯ ನಡುವೆ ಗುಂಡಿ ಬೀಳುತ್ತದೆ. ರೈತ ಅಲ್ಲಿ ಅಗೆದು, ಒಡೆದ ತುಂಡು ತೆಗೆದು, ಆ ಜಾಗಕ್ಕೆ ಕಪ್ಪು ಪ್ಲಾಸ್ಟಿಕ್ ಪೈಪಿನ ತುಂಡು ಸೇರಿಸಿ, ಮತ್ತೆ ಮಣ್ಣು ಮುಚ್ಚಿ ಬಿತ್ತನೆಗೆ ಹೋಗುತ್ತಾನೆ.